ಬೆಟಗೇರಿಯ ನಾಗರತ್ನಾ ಮತ್ತು ಮೂರು ಲಕ್ಷದ ಡಬ್ಬಿ

ಬೆಳಗಿನ ಐದೂವರೆ. ಇವತ್ತು ನಳದಲ್ಲಿ ನೀರು ಬರುವ ದಿನವಲ್ಲ, ಹಾಗಾಗಿ ಬೆಟಗೇರಿಯ ಈ ಓಣಿಗೆ ಏಳುವ ಅವಸರವೂ ಇಲ್ಲ. ದೀಪ ಉರಿಯುತ್ತಿರುವುದು ಒಂದೇ ಮನೆಯ ಪಡಸಾಲೆಯಲ್ಲಿ. ಒಂದು ಮೂಲೆಯಲ್ಲಿ ಹನಮಂತ ಕುಣಿಮಗ್ಗದೊಳಗೆ ಕಾಲಿಳಿಬಿಟ್ಟು ಕುಳಿತು ಲಾಳಿ ಓಡಿಸುತ್ತಿದ್ದಾರೆ. ಇನ್ನೊಂದು ಮೂಲೆಯಲ್ಲಿ ಅವರ ಹೆಂಡತಿ ನಾಗರತ್ನಾ ನೆಲಕ್ಕೆ ಕುಳಿತು ರಾಟಿ ತಿರುಗಿಸುತ್ತಿದ್ದಾರೆ. ವಯಸ್ಸು ಐವತ್ತೆರಡು, ಮೂಗಿನ ತುದಿಗೆ ಜಾರಿದ ಚಷ್ಮಾ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ರಾಟಿ ನೇಕಾರರ ಮನೆಯದೇ, ಅತ್ತೆಯ ಕಾಲದ್ದು. ಅದರ ಮೇಲಿರುವುದು ಮಾತ್ರ ನೂಲಲ್ಲ, ಕೂದಲಿನಷ್ಟು ಸಣ್ಣ ತಾಮ್ರದ ತಂತಿ.

ಅವರ ತುಟಿ ಸಣ್ಣಗೆ ಅಲುಗುತ್ತಿದೆ. ಸುತ್ತು ಎಣಿಸುತ್ತಿದ್ದಾರೆ. ಈಗ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ, ತಪ್ಪಿದರೆ ತಂತಿ ಬಿಚ್ಚಿ ಮತ್ತೆ ಮೊದಲಿನಿಂದ ಸುತ್ತಬೇಕು. "ಆಕಿ ಸುತ್ತು ಮುಗಿಯೂ ಮಟ ಬೀಗರು ಬಂದ್ರೂ ನಾನ ಚಾ ಮಾಡ್ಬೇಕ್ರಿ," ಎಂದು ಹನಮಂತ ಮಗ್ಗದೊಳಗಿಂದಲೇ ಹೇಳುತ್ತಾರೆ. ಹೇಳುವ ಧಾಟಿಯಲ್ಲಿ ದೂರಿಲ್ಲ, ಚಹಾ ಆಗಲೇ ಒಲೆಯ ಮೇಲೆ ಕುದಿಯುತ್ತಿದೆ.

ನಾಗರತ್ನಾ ಸುಟ್ಟ ಸ್ಪೀಕರಿಗೆ ಮತ್ತೆ ದನಿ ಬರಿಸುವವರು. ಪ್ರತಿ ಸ್ಪೀಕರಿನ ಹೊಟ್ಟೆಯಲ್ಲೂ ಅಯಸ್ಕಾಂತದ ನಡುವೆ ಒಂದು ತಂತಿಯ ಸುರುಳಿ ಇರುತ್ತದೆ. ಅದು ಹಿಂದೆ ಮುಂದೆ ಆಡಿದಾಗ ಮೇಲಿನ ಕಾಗದದ ಬಟ್ಟಲೂ ಆಡುತ್ತದೆ, ಸದ್ದು ಹುಟ್ಟುತ್ತದೆ. ಸುಡುವುದು ಆ ಸುರುಳಿಯೇ. ದಿನಕ್ಕೆ ಆರು ಸುರುಳಿ ಸುತ್ತುತ್ತಾರೆ, ಗಣಪತಿ ಹಬ್ಬದ ಮುಂದೆ ಹನ್ನೆರಡಾದರೂ ಆದೀತು. ಒಂದಕ್ಕೆ ಇನ್ನೂರೈವತ್ತರಿಂದ ಆರುನೂರು ರೂಪಾಯಿ. ಮುಂಡರಗಿಯ ಭಜನಾ ಮಂಡಳಿಗಳ ಪೆಟ್ಟಿಗೆ, ಶಿರಹಟ್ಟಿಯ ಮೈಕ್ ಸೆಟ್ಟಿನವರ ಹಾರ್ನು, ಗದಗಿನ ಆಟೋಗಳ ಡಬ್ಬಿ, ಎಲ್ಲಕ್ಕೂ ಈ ಪಡಸಾಲೆಯೇ ದವಾಖಾನೆ. ಇಪ್ಪತ್ತೊಂದು ವರ್ಷದಿಂದ ನಡೆದಿದೆ. ಬಲಗೈ ತೋರುಬೆರಳಿನ ತುದಿಯಲ್ಲಿ ತಂತಿ ಕೊರೆದ ಗೆರೆ ಈಗ ಚರ್ಮದ್ದೇ ಗೆರೆಯಾಗಿದೆ. ಅಂಟಿನ ವಾಸನೆಗೆ ಎರಡು ಸಲ ಉಸಿರು ಕಟ್ಟಿ ಆಸ್ಪತ್ರೆ ಕಂಡಿದ್ದಾರೆ, ಆಮೇಲೆ ಅಂಟು ಹಚ್ಚುವ ಕೆಲಸವನ್ನು ಹಿತ್ತಲಿಗೆ ಒಯ್ದಿದ್ದಾರೆ.

ಇಷ್ಟೇ ಆಗಿದ್ದರೆ ಜಗಳವಿರಲಿಲ್ಲ. ರಿಪೇರಿ ಮಾಡುವ ಹೆಂಗಸನ್ನು ಊರು ಸಹಿಸುತ್ತದೆ, ಮೆಚ್ಚುತ್ತದೆ ಕೂಡ. ಹೊಸದನ್ನು ಕಟ್ಟಿ, ದೊಡ್ಡ ಅಂಗಡಿಯ ಮಾಲಿಗಿಂತ ಇದು ಚಲೋ ಎಂದು ಬಾಯಿಬಿಟ್ಟು ಹೇಳಿದರೆ ನೋಡಿ, ಆಗ ತಲೆ ತಿರುಗುತ್ತದೆ ಊರಿಗೆ.

ನಾಗರತ್ನಾ ಎಂಟು ವರ್ಷದಿಂದ ಕಟ್ಟುತ್ತಿರುವುದು ಸಬ್‌ವೂಫರ್. ನಮ್ಮ ಮಂದಿ ಬೂಫರ್ ಅನ್ನುತ್ತಾರೆ. ತಬಲಾ ಜೋಡಿಯ ಎಡಗಡೆಯ ಡಗ್ಗಾದ ಗುಂಕಾರ, ಡೊಳ್ಳಿನ ಏಟು, ತಳದ ಸದ್ದನ್ನೆಲ್ಲ ಹೊರಡಿಸುವ ದೊಡ್ಡ ಡಬ್ಬಿ. ಅವರದು ಸಾದಾ ಡಬ್ಬಿಯಲ್ಲ, ಸರ್ವೋ ಡಬ್ಬಿ. ಅದೇನು ಅಂತ ಕೇಳಿದರೆ ಅವರು ಮಗ್ಗದ ಕಡೆ ಕೈ ತೋರಿಸುತ್ತಾರೆ. "ನಮ್ಮನಿಯವ್ರು ನೇಯೂ ಮುಂದ ಎಡಗೈ ಬೆರಳು ಯಾವಾಗ್ಲೂ ಬಟ್ಟಿ ಮ್ಯಾಲ ಇರ್ತಾವು, ನೋಡ್ರಿ. ಎಳಿ ಬಿಗಿ ಆದ್ರ ಬೆರಳು ಹೇಳ್ತೈತಿ, ಕೈ ತಿದ್ದತೈತಿ. ಸಾದಾ ಬೂಫರಿಗೆ ಆ ಬೆರಳ ಇಲ್ರಿ. ನಡಿ ಅಂದ್ರ ನಡೀತೈತಿ, ನಿಲ್ಲು ಅಂದ್ರೂ ಎರಡು ಹೆಜ್ಜಿ ಹೆಚ್ಚಿಗಿ ಹೋಗತೈತಿ."

ಆ ಬೆರಳೇ ಎರಡನೇ ಸುರುಳಿ. ಮೊದಲ ಸುರುಳಿಯ ಪಕ್ಕದಲ್ಲಿ ಇನ್ನೂ ಸಣ್ಣ ತಂತಿಯಲ್ಲಿ ಅದನ್ನು ಸುತ್ತುತ್ತಾರೆ. ಅದು ಸದ್ದು ಮಾಡುವುದಿಲ್ಲ. ಬಟ್ಟಲು ಎಷ್ಟು ಅಲುಗಿತು, ಎಲ್ಲಿ ತಪ್ಪಿತು ಎಂದು ಆಂಪ್ಲಿಫೈಯರಿಗೆ ಗಳಿಗೆಗಳಿಗೆಗೂ ವರದಿ ಒಪ್ಪಿಸುತ್ತದೆ, ಆಂಪ್ಲಿಫೈಯರ್ ಕೂಡಲೇ ತಿದ್ದುತ್ತದೆ. ನಾಗರತ್ನಾ ಅದಕ್ಕಿಟ್ಟ ಹೆಸರು ಖಬರ ಸುರುಳಿ.

ಇದನ್ನು ಅವರೇ ಕಂಡುಹಿಡಿದದ್ದಲ್ಲ, ಹಾಗಂತ ಅವರು ಹೇಳುವುದೂ ಇಲ್ಲ. ಪರದೇಶದಲ್ಲಿ ಹಳೆಯ ಸಂಗತಿ. ಹುಬ್ಬಳ್ಳಿಯಿಂದ ರಿಪೇರಿಗೆ ಬಂದ ಒಂದು ಡಬ್ಬಿಯ ಹೊಟ್ಟೆ ಬಿಚ್ಚಿದಾಗ ಒಂದರ ಬದಲು ಎರಡು ಸುರುಳಿ ಕಂಡವು. ಯಾಕಪ್ಪಾ ಇದು ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರು. ಪುಸ್ತಕ ಓದುವಷ್ಟು ಇಂಗ್ಲಿಷು ಬರುವುದಿಲ್ಲ. ಫೋನಿನಲ್ಲಿ ಚಿತ್ರ ನೋಡಿದರು, ಚಿತ್ರ ನೋಡಿ ಸುತ್ತಿದರು, ಸುತ್ತಿ ಸುಟ್ಟರು.

ಮೊದಲ ಡಬ್ಬಿಯ ಕತೆ ಕೇಳಿದರೆ ಹನಮಂತರಿಗೆ ಇವತ್ತಿಗೂ ನಗು ತಡೆಯುವುದಿಲ್ಲ. ಈ ಮನೆಯಲ್ಲಿ ಒಂದು ರೂಢಿ ಇತ್ತು. ಎರಡು ಬಣ್ಣದ ನೂಲಿನ ಕಂಡಿಕೆ ಸುತ್ತುವಾಗ ಒಂದನ್ನು ಬಲಕ್ಕೆ ಸುತ್ತಬೇಕು, ಇನ್ನೊಂದನ್ನು ಎಡಕ್ಕೆ, ಕರೆಂಟು ಹೋದಾಗ ಕತ್ತಲಲ್ಲೂ ಬೆರಳಿಗೆ ಬಣ್ಣ ಗೊತ್ತಾಗಲಿ ಎಂದು. ಅತ್ತೆ ಕಲಿಸಿದ ಪಾಠ. ಸೊಸೆಯ ಕೈ ಅದನ್ನು ಮರೆಯಲಿಲ್ಲ, ಖಬರ ಸುರುಳಿಯನ್ನೂ ಉಲ್ಟಾ ಸುತ್ತಿಬಿಟ್ಟಿತು. ಖಬರು ತಿರುಗುಮುರುಗಾಯಿತು. ಬಟ್ಟಲು ಮುಂದೆ ಹೋದರೆ ಹಿಂದೆ ಹೋಯಿತೆಂದು ಸುದ್ದಿ, ಆಂಪ್ಲಿಫೈಯರು ಇನ್ನಷ್ಟು ಮುಂದೆ ನೂಕಿತು. ಗುಂಡಿ ಒತ್ತಿದ ಕ್ಷಣವೇ ಡಬ್ಬಿ ಕೋಣದಂತೆ ಒದರಿ ಬಟ್ಟಲು ಹರಿದುಕೊಂಡು ಹೊರಬಿತ್ತು. "ಒಲಿ ಮ್ಯಾಲಿನ ಹಾಲು ಚೆಲ್ಲಿ ಓಡಿ ಹೋಗಿದ್ದೆ ನಾ," ಎನ್ನುತ್ತಾರೆ ಹನಮಂತ. ನಾಗರತ್ನಾ ಅಂದು ನಗಲಿಲ್ಲ. ಮೂರು ದಿನ ಯಾರೊಂದಿಗೂ ಮಾತಾಡದೆ, ನಾಲ್ಕನೇ ದಿನ ತಪ್ಪು ಹಿಡಿದರು. ಎರಡು ತಂತಿಯ ತುದಿ ಅದಲುಬದಲು ಮಾಡಿದರೆ ಸಾಕಿತ್ತು.

ಈಗ ಅವರ ಹನ್ನೆರಡು ಇಂಚಿನ ಸರ್ವೋ ಡಬ್ಬಿಗೆ ಹದಿನೆಂಟು ಸಾವಿರ. ಎಂಟು ವರ್ಷದಲ್ಲಿ ಮೂವತ್ತೊಂದು ಡಬ್ಬಿ ಹೋಗಿವೆ. ಪ್ರತಿಯೊಂದರ ಮುಂದೆ ಬೆರಳುದ್ದದ ಹಿತ್ತಾಳೆ ಪಟ್ಟಿ, ಅದರ ಮೇಲೆ ಅವರೇ ಅಕ್ಷರ ಅಕ್ಷರ ಕುಟ್ಟಿ ಮೂಡಿಸಿದ ಹೆಸರು: ನಾಗರತ್ನಾ, ಬೆಟಗೇರಿ.

ಹೋದ ತಿಂಗಳಿನವರೆಗೆ ಒಂಬತ್ತು ಮಂದಿ ಪಾಳಿಯಲ್ಲಿದ್ದರು. ಅಷ್ಟರಲ್ಲಿ ಗದಗಿನ ದೊಡ್ಡ ಅಂಗಡಿಯೊಂದರ ಮಾಲಕರು ಗಿರಾಕಿಗಳ ಮುಂದೆ ಒಂದು ಮಾತು ಹಾರಿಬಿಟ್ಟರು. ಸೀರೆ ನೇಯುವವರು ಬೂಫರ್ ಮಾಡಿದರೆ ಗುಜರಿ ಆಗುತ್ತದೆ, ಹದಿನೆಂಟು ಸಾವಿರಕ್ಕೆ ಏನು ಬಂದೀತು, ಬೆಲೆ ನೋಡಿದರೇ ಗೊತ್ತಾಗುವುದಿಲ್ಲವೇ ಎಂದು. ಮಾತಿಗೆ ರೆಕ್ಕೆ ಬಂತು. ಹಿತ್ತಲ ಗಿಡ ಮದ್ದಲ್ಲ ಎನ್ನಲು ನಮಗೆ ಯಾರಾದರೂ ಕಲಿಸಿಕೊಡಬೇಕೆ? ಒಂಬತ್ತೂ ಮಂದಿ ಹಿಂಜರಿದರು. ಅದೇ ಹೊತ್ತಿಗೆ ಲಕ್ಷ್ಮೇಶ್ವರದ ಹತ್ತಿ ವ್ಯಾಪಾರಿ ಹುಚ್ಚೀರಪ್ಪ ಮಹಡಿಯ ಮೇಲೆ ಹಾಡು ಕೇಳಲಿಕ್ಕೆಂದೇ ಒಂದು ಕೋಣೆ ಕಟ್ಟಿಸಿದ್ದರು. ಅಂಗಡಿಯವರು ಅಲ್ಲಿಗೆ ಮೂರು ಲಕ್ಷ ಹತ್ತು ಸಾವಿರದ ಪರದೇಶಿ ಡಬ್ಬಿ ಕಳಿಸಿದರು, ನೋಡಿ ಬೇಕಾದರೆ ಇಟ್ಟುಕೊಳ್ಳಿ ಎಂದು. ಹುಚ್ಚೀರಪ್ಪ ಹುಷಾರಿನ ಮನುಷ್ಯ, ನಾಗರತ್ನಾ ಅವರದೂ ಒಂದು ತರಿಸಿದರು. ಎರಡನ್ನೂ ಕೇಳುವುದು, ಒಂದನ್ನು ಇಟ್ಟುಕೊಳ್ಳುವುದು. ಒಂಬತ್ತು ಮಂದಿಯ ಬಾಯಲ್ಲೂ ಈಗ ಒಂದೇ ಮಾತು: ಲಕ್ಷ್ಮೇಶ್ವರದಾಗ ಏನಾಗತೈತಿ ನೋಡೂಣು.

ಅದು ಆಗಬೇಕಾದ ದಿನ ಇವತ್ತೇ. ಎರಡು ದಿನದ ಹಿಂದೆ ಡಬ್ಬಿ ಲಕ್ಷ್ಮೇಶ್ವರಕ್ಕೆ ಹೋಗಿದೆ, ಹತ್ತು ಗಂಟೆಗೆ ಇವರು ಅಲ್ಲಿರಬೇಕು.

"ಪಟ್ಟಿ ಹೊತ್ತ ಡಬ್ಬಿ ಆ ಕೋಣ್ಯಾಗ ಉಳದ್ರ ನಾ ಉಳದೆ. ವಾಪಸ್ ಬಂದ್ರ ಮುಂದ ರಿಪೇರಿ ಅಷ್ಟ ಗತಿ," ಎನ್ನುತ್ತಾ ನಾಗರತ್ನಾ ಚಹಾದ ಬಟ್ಟಲು ಕೆಳಗಿಡುತ್ತಾರೆ. ಅಂಜಿಕೆ ಇದೆಯೇ ಎಂದರೆ ಸಿಟ್ಟು ಬರುತ್ತದೆ. "ದುಬಾರಿ ಸಾಮಾನಿಗೆ ನಾ ವೈರಿ ಅಲ್ರಿ. ಚಲೋ ಸಾಮಾನಿಗೆ ರೊಕ್ಕ ಬೀಳತೈತಿ, ಖರೆ. ಆದ್ರ ರೊಕ್ಕ ಎಲ್ಲಿ ಹೋತು ಅಂತ ಕೇಳ್ಬೇಕಲ್ಲ. ಅಯಸ್ಕಾಂತಕ್ಕ ಹೋತಾ, ಸುರುಳಿಗೆ ಹೋತಾ, ಇಲ್ಲಾ ಪಾಲಿಶಿಗೆ, ಅಂಗಡಿ ಎ.ಸಿ.ಗೆ ಹೋತಾ? ಕೇಳಿದ್ರ ಗುಜರಿ ಅಂತಾರ."

ಹೊರಡುವಾಗ ಹನಮಂತ ಮಗ್ಗದಿಂದ ಎದ್ದು ಬಂದು ಮೊನ್ನೆ ಇಳಿಸಿದ ಸೀರೆಯೊಂದನ್ನು ಕೈಗೆ ಕೊಡುತ್ತಾರೆ. ಹೆಂಡತಿಯೇ ಕೇಳಿದ್ದು ಅದು. ಉಡಲಿಕ್ಕಲ್ಲ, ಪರದೆ ಕಟ್ಟಲಿಕ್ಕೆ.

ನಾಗರತ್ನಾ ಹತ್ತಿದ ಗೆಳೆಯರೊಬ್ಬರ ಟೆಂಪೋ ಶಿರಹಟ್ಟಿಯಲ್ಲಿ ನಿಲ್ಲುತ್ತದೆ. ಅಲ್ಲಿ ಹತ್ತುವವರು ಹುಲಗಪ್ಪ, ಅರವತ್ತಾರು ವರ್ಷದ ತಬಲಾ ವಾದಕ, ಹದಿನಾಲ್ಕು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುವ ಮೇಷ್ಟ್ರು. ಮಡಿಲಲ್ಲಿ ಡಗ್ಗಾ. ನಾಗರತ್ನಾ ಅವರನ್ನು ಕಾಕಾ ಎನ್ನುತ್ತಾರೆ. ಬೂಫರ್ ಚಲೋನೋ ಕೆಟ್ಟದ್ದೋ ಎಂದು ತೀರ್ಮಾನಿಸಬೇಕಾದರೆ ಖರೆ ಡಗ್ಗಾ ಕೋಣೆಯಲ್ಲಿ ಇರಬೇಕು ಎನ್ನುವುದು ನಾಗರತ್ನಾ ಅವರ ವಾದ. "ಎರಡು ಡಬ್ಬಿ ತಾವ ತಾವ ಹೋಲಿಸಿಕೊಂಡ್ರ ಏನ್ ಬಂತು, ಕಾಕಾ? ಅಸಲು ಯಾವುದು ಅಂತ ಒಬ್ರಾದ್ರೂ ಹೇಳ್ಬೇಕಲ್ಲ." ಹುಲಗಪ್ಪ ತಲೆಯಾಡಿಸುತ್ತಾರೆ. ಮಾತು ಕಡಿಮೆಯ ಮನುಷ್ಯ.

ಹುಚ್ಚೀರಪ್ಪನವರ ಕೋಣೆ ನೋಡಲು ಚಂದವಿದೆ. ಗೋಡೆಗೆ ಬಟ್ಟೆಯ ಹೊದಿಕೆ, ನೆಲಕ್ಕೆ ಜಮಖಾನೆ, ಮೂವತ್ತು ವರ್ಷ ಕೂಡಿಟ್ಟ ಕಚೇರಿಗಳ ಧ್ವನಿಮುದ್ರಣ ಕಪಾಟಿನ ತುಂಬ. ಶ್ರೀಮಂತಿಕೆಯ ಜೊತೆಗೆ ಹಾಡಿನ ಹುಚ್ಚೂ ಖರೆಯೇ ಇದೆ ಆ ಮನುಷ್ಯನಿಗೆ, ಅದನ್ನು ಇಲ್ಲವೆನ್ನಬಾರದು. ಕೇಳಲು ಅವರನ್ನೂ ಸೇರಿಸಿ ಏಳು ಮಂದಿ ಕುಳಿತಿದ್ದಾರೆ: ಇಬ್ಬರು ಅಡತಿ ವ್ಯಾಪಾರಿಗಳು, ಮೂವರು ಭಜನಾ ಮೇಳದವರು, ಒಬ್ಬ ನಿವೃತ್ತ ಮಾಸ್ತರರು. ತೀರ್ಪಿಗೆ ಕೂಡದೆ ಬರೀ ಮಜಾ ನೋಡಲು ಬಂದವರು ದನದ ಪ್ಯಾಟಿಯ ದಲಾಲಿ ಗೌಸಸಾಬ, ಹುಚ್ಚೀರಪ್ಪನವರ ಹಳೆಯ ದೋಸ್ತ.

ಎರಡು ಡಬ್ಬಿ ಎದುರೆದುರು. ಪರದೇಶದ್ದರ ಮೈ ಮುಖ ಕಾಣುವಷ್ಟು ಹೊಳೆಯುತ್ತಿದೆ. ನಾಗರತ್ನಾ ಅವರದು ಸಾದಾ ಪ್ಲೈವುಡ್ಡು, ಕಂದು ಬಣ್ಣ, ಹಿತ್ತಾಳೆ ಪಟ್ಟಿ. ಮೊದಲು ಪರದೇಶದ್ದನ್ನು, ಆಮೇಲೆ ಬೆಟಗೇರಿಯದನ್ನು ನುಡಿಸಿದರು. ಅದು ನುಡಿಯುವಾಗ ಹುಚ್ಚೀರಪ್ಪ ಕಣ್ಣು ಮುಚ್ಚಿ "ವ್ಹಾ" ಎಂದರು. ತಕ್ಷಣ ಆರು ತಲೆಗಳು ಆಡಿದವು. ಇದು ನುಡಿಯುವಾಗ ಅವರು ಸುಮ್ಮನಿದ್ದರು, ಆರೂ ಮಂದಿ ಸುಮ್ಮನಿದ್ದರು. ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರಾರು. ಏಳಕ್ಕೆ ಏಳು ಮತ ಮೂರು ಲಕ್ಷದ ಡಬ್ಬಿಗೆ.

ನಾಗರತ್ನಾ ಎದ್ದು ನಿಂತರು, ದನಿ ಏರಿಸಲಿಲ್ಲ. "ಸಾವ್ಕಾರ್ರ, ನೀವು ಡಬ್ಬಿ ನೋಡಿದ್ರಿ, ಕೇಳಲಿಲ್ಲ. ಇವ್ರು ನಿಮ್ಮ ಮಾರಿ ನೋಡಿದ್ರು, ಅವ್ರೂ ಕೇಳಲಿಲ್ಲ."

ಹುಚ್ಚೀರಪ್ಪನವರ ಮುಂದೆ ಹೀಗೆ ಮಾತಾಡಿದವರು ಆ ಮನೆಯಲ್ಲಿ ಒಬ್ಬರೇ, ಅವರ ಹೆಂಡತಿ ಅಮೃತವ್ವ. ಆಕೆ ಬಾಗಿಲಲ್ಲಿ ನಿಂತು ಮುಸಿಮುಸಿ ನಗುತ್ತಿದ್ದರು. ಗೌಸಸಾಬರಂತೂ ಜೋರಾಗಿಯೇ ನಕ್ಕರು. ಹುಚ್ಚೀರಪ್ಪನವರ ಮುಖ ಬಿಗಿಯಿತು, ಆದರೂ ಹೊರಗೆ ಹೋಗೆನ್ನಲಿಲ್ಲ. "ಮತ್ತ ಹೆಂಗ ಕೇಳ್ಬೇಕಂತೀ ತಂಗೀ?" ಎಂದರು.

ಹೆಂಗೆಂದು ನಾಗರತ್ನಾ ತೋರಿಸಿದರು. ಮೊದಲು ಫೋನಿನಲ್ಲಿ ಸದ್ದಿನ ಮಟ್ಟ ಅಳೆದರು, ಪರದೇಶದ ಡಬ್ಬಿಯ ಸದ್ದು ನಾಲ್ಕು ಅಂಕಿ ಹೆಚ್ಚಿತ್ತು. "ಜೋರ ಇದ್ದದ್ದು ಚಲೋ ಅನಸ್ತೈತ್ರಿ. ಕಿವಿ ಚಾಳೀನ ಅಂಥಾದ್ದು, ನಂದೂ ಹಂಗ ಐತಿ." ಎರಡನ್ನೂ ಒಂದೇ ಮಟ್ಟಕ್ಕೆ ತಂದರು. ಆಮೇಲೆ ತಮ್ಮ ಡಬ್ಬಿಯನ್ನು ಕೇಳುವವರು ಕೂರುವ ಜಾಗಕ್ಕೆ ತಂದಿಟ್ಟು ನುಡಿಯಲು ಬಿಟ್ಟು, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಮೊಣಕಾಲ ಮೇಲೆ ಕೂಸಿನ ಹಾಗೆ ಅಂಬೆಗಾಲಿಡುತ್ತಾ ಇಡೀ ಕೋಣೆ ಸುತ್ತಿದರು, ನೆಲಕ್ಕೆ ಕಿವಿ ಹಚ್ಚಿ. ಎಲ್ಲಿ ತಳದ ಸದ್ದು ಸ್ವಚ್ಛ ಕೇಳುತ್ತದೋ ಅಲ್ಲಿ ಡಬ್ಬಿ ಇಡಬೇಕು, ಇದು ಆ ಕಸುಬು ಬಲ್ಲವರೆಲ್ಲ ಮಾಡುವುದೇ. ಭಜನಾ ಮೇಳದವರೊಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಐವತ್ತೆರಡು ವರ್ಷದ ಹೆಂಗಸು ಸಾವ್ಕಾರರ ಮನೆಯ ಜಮಖಾನೆಯ ಮೇಲೆ ತೆವಳುವುದನ್ನು ನೋಡಿ ನಗು ಬರುತ್ತದೆ, ಇಲ್ಲವೆನ್ನಲಾಗದು. ನಾಗರತ್ನಾ ತಿರುಗಿಯೂ ನೋಡಲಿಲ್ಲ. ತಮ್ಮ ಡಬ್ಬಿಗೆ ಜಾಗ ಸಿಕ್ಕ ಮೇಲೆ ಪರದೇಶದ ಡಬ್ಬಿಗಾಗಿ ಎರಡನೇ ಸಲ ತೆವಳಲು ಶುರುಮಾಡಿದರು.

"ಅದಕ್ಯಾಕ ಕಷ್ಟ ಪಡ್ತೀಯವ್ವಾ?" ಎಂದು ಮಾಸ್ತರರು ಕೇಳಿದರು.

"ಅದಕ್ಕೂ ನ್ಯಾಯ ಸಿಗಬೇಕಲ್ರಿ. ನಾಳೆ ಅದನ್ನ ಮೂಲ್ಯಾಗಿಟ್ಟು ಸೋಲಿಸಿದ್ಲು ಅಂದ್ರ ನಾ ಏನ್ ಹೇಳ್ಲಿ?"

ನಗುತ್ತಿದ್ದವರು ಅಲ್ಲಿಗೆ ಸುಮ್ಮನಾದರು.

ಹನಮಂತರ ಸೀರೆ ಈಗ ಗೋಡೆಯಿಂದ ಗೋಡೆಗೆ ಪರದೆಯಾಯಿತು. ಹಿಂದೆ ಎರಡೂ ಡಬ್ಬಿ, ಡಗ್ಗಾದ ಜೊತೆ ಹುಲಗಪ್ಪ, ಮತ್ತು ಡಬ್ಬಿ ಬದಲಿಸುವ ಗುಂಡಿ ಒತ್ತಲು ಅಮೃತವ್ವ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ಆಕೆಯ ಮರ್ಜಿ, ಆಕೆಗೆ ಬಿಟ್ಟು ಮುಂದೆ ಕುಳಿತ ಯಾರಿಗೂ ಗೊತ್ತಿಲ್ಲ. ಹುಲಗಪ್ಪ ಡಗ್ಗಾದ ಮೇಲೆ ಪೆಟ್ಟುಗಳ ಒಂದು ಬೋಲು ನುಡಿಸುವುದು, ಮುದ್ರಿಸಿಕೊಂಡ ಅದೇ ಬೋಲನ್ನು ಒಂದು ಡಬ್ಬಿ, ಆಮೇಲೆ ಇನ್ನೊಂದು ಡಬ್ಬಿ ನುಡಿಸುವುದು. ಖರೆ ಡಗ್ಗಾಕ್ಕೆ ಯಾವುದು ಹತ್ತಿರ? ಇದೇ ಪ್ರಶ್ನೆ.

ಆದರೆ ಉತ್ತರವನ್ನು ಬಾಯಲ್ಲಿ ಹೇಳಿದರೆ ಮತ್ತೆ ಸಾವ್ಕಾರರ ಮುಖ ನೋಡಿಯೇ ಹೇಳುತ್ತಾರೆ. ಚೀಟಿ ಬರೆಯೋಣವೆಂದರೆ ಅಡತಿಯವರಲ್ಲೊಬ್ಬರಿಗೆ ಬರವಣಿಗೆ ಬಾರದು, ಅದನ್ನು ಹತ್ತು ಮಂದಿಯ ಎದುರು ಆಡಬಾರದು. ನಾಗರತ್ನಾ ಅತ್ತಿತ್ತ ನೋಡಿದರು. ಗೌಸಸಾಬರ ಹೆಗಲ ಮೇಲೆ ಕಣ್ಣು ನಿಂತಿತು.

"ಗೌಸಸಾಬಣ್ಣ, ನಿಮ್ಮ ವಸ್ತ್ರ ಬೇಕಾಗಿತ್ತಲ್ಲ."

"ಎತ್ತಿನ ವ್ಯಾಪಾರೇನ್ರಿ ಅಕ್ಕಾರ?"

"ಹೌದ್ರಿ. ಹಲ್ಲು ಎಣಸೂದೈತಿ."

ದನದ ಪ್ಯಾಟಿಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ದಲಾಲಿ ವಸ್ತ್ರವನ್ನು ಕೈಮೇಲೆ ಹೊದಿಸುತ್ತಾನೆ, ಒಳಗೆ ಗಿರಾಕಿ ಅವನ ಬೆರಳು ಹಿಡಿಯುತ್ತಾನೆ. ಹಿಡಿದ ಬೆರಳೆಷ್ಟೋ ಬೆಲೆ ಅಷ್ಟು. ಸುತ್ತ ನೂರು ಮಂದಿ ನಿಂತಿದ್ದರೂ ಒಳಗಿನ ಮಾತು ಇಬ್ಬರಿಗೇ. ನಲವತ್ತು ವರ್ಷ ಆ ಕೆಲಸ ಮಾಡಿದ ಗೌಸಸಾಬ ವಸ್ತ್ರ ಕೊಡವಿ ಎದ್ದರು. ಮೊದಲು ನುಡಿದ ಡಬ್ಬಿಯಾದರೆ ಒಂದು ಬೆರಳು, ಎರಡನೆಯದಾದರೆ ಎರಡು. ಮೂರು ಸುತ್ತು ನಡೆಸಬೇಕು, ಮೂರನೆಯದು ಡಗ್ಗಾ ಅಲ್ಲ, ಬಂಡಿಗಾಲಿಯಂಥ ಚರ್ಮವಾದ್ಯ ಜಗ್ಗಲಗಿಯ ದೊಡ್ಡ ಮೇಳವನ್ನು ಪೂರ್ತಿ ಜೋರಾಗಿ ಹಚ್ಚುವುದು. ಆ ಮೂರನೇ ಸುತ್ತು ಬೇಕೇ ಬೇಕೆಂದು ಹಟ ಹಿಡಿದವರು ನಾಗರತ್ನಾ, ಅದರಲ್ಲಿ ತಮ್ಮ ಡಬ್ಬಿಗೆ ಕಷ್ಟವಿದೆಯೆಂದು ಗೊತ್ತಿದ್ದೂ.

ಡಗ್ಗಾ ನುಡಿಯಿತು. ಹುಲಗಪ್ಪ ಅಂಗೈಯಿಂದ ಉಜ್ಜಿ ಎಳೆದ ನಾದ ಮೇಲೇರಿ, ಅಂಗೈ ಒತ್ತಿದ ಕೂಡಲೇ ನಿಂತಿತು. ಒಂದು ಡಬ್ಬಿ ನುಡಿಯಿತು. ಇನ್ನೊಂದು ಡಬ್ಬಿ ನುಡಿಯಿತು. ಗೌಸಸಾಬ ಏಳು ಮಂದಿಯ ಮುಂದೆ ಕುಳಿತು ಕುಳಿತು ಎದ್ದರು, ಪ್ರತಿಯೊಬ್ಬರೂ ವಸ್ತ್ರದೊಳಗೆ ಕೈ ತೂರಿಸಿ ತೆಗೆದರು. ನಾಗರತ್ನಾ ಗೋಡೆಗೆ ಒರಗಿ ನೆಲ ನೋಡುತ್ತಿದ್ದರು.

ಮೂರೂ ಸುತ್ತು ಮುಗಿದ ಮೇಲೆ ಗೌಸಸಾಬ ಲೆಕ್ಕ ಹೇಳಿದರು, ಅಮೃತವ್ವ ಪರದೆಯ ಹಿಂದಿನಿಂದ ಯಾವುದು ಯಾವುದೆಂದು ಹೇಳಿದರು. ಮೊದಲ ಸುತ್ತು, ಐದು ಮಂದಿ ಬೆಟಗೇರಿಯ ಡಬ್ಬಿಗೆ. ಎರಡನೆಯದು, ಆರು ಮಂದಿ ಬೆಟಗೇರಿಯ ಡಬ್ಬಿಗೆ. ಮೂರನೆಯದರಲ್ಲಿ ಜಗ್ಗಲಗಿಯ ಆರ್ಭಟಕ್ಕೆ ಐದು ಮಂದಿ ಪರದೇಶದ ಡಬ್ಬಿಗೆ. ಯಾರು ಯಾವ ಬೆರಳು ಹಿಡಿದರೆಂದು ಮಾಸ್ತರರು ಕೇಳಿದರೆ ಗೌಸಸಾಬ ಗದರಿಸಿಬಿಟ್ಟರು. "ವಸ್ತ್ರದಾಗಿನ ಮಾತು ವಸ್ತ್ರದಾಗ ಇರ್ಲಿ ಮಾಸ್ತರ್ರ. ನಮ್ಮ ದಂಧೆ ಉಳಿಯೂದ ಅದರ ಮ್ಯಾಲ."

ಪರದೆ ಸರಿಸಿ ಹುಲಗಪ್ಪ ಹೊರಬಂದರು. ಆ ದಿನದ ಅವರ ಮೊದಲ ಮಾತು ಇದು: "ಆ ಡಬ್ಬಿ ಮಸ್ತ್ ಐತಿ, ಇಲ್ಲ ಅನ್ನೂದಿಲ್ಲ. ಆದ್ರ ನಾ ಕೈ ಎತ್ತಿದ ಮ್ಯಾಲೂ ಮಾತಾಡಕೋತ ಇರತೈತಿ. ತಂಗೀದು ನಾ ನಿಂತಲ್ಲೆ ನಿಲ್ಲತೈತಿ."

ಮೂರನೇ ಸುತ್ತಿನ ಸೋಲನ್ನು ನಾಗರತ್ನಾ ಮುಚ್ಚಿಡುವುದಿಲ್ಲ. "ಕಲ್ಯಾಣ ಮಂಟಪ ನಡುಗಸ್ಬೇಕಂದ್ರ ಅದನ್ನ ತಗೋರಿ, ಅದರ ಆಂಪ್ಲಿಫೈಯರ್ ನಂದಕ್ಕಿಂತ ನಾಕು ಪಟ್ಟು ದೊಡ್ಡದು. ಅಲ್ಲೆ ರೊಕ್ಕ ಕೆಲಸ ಮಾಡೈತಿ. ಮನ್ಯಾಗ ಕುಂತು ಡಗ್ಗಾ ಕೇಳ್ಬೇಕಂದ್ರ ಆ ರೊಕ್ಕ ಕೆಲಸ ಮಾಡಿಲ್ಲ. ಇಷ್ಟ ನಾ ಹೇಳೂದು."

ಇಲ್ಲಿಗೆ ಕತೆ ಸುಖವಾಗಿ ಮುಗಿಯಬೇಕಿತ್ತು. ಮುಗಿಯಲಿಲ್ಲ. ಹುಚ್ಚೀರಪ್ಪ ಎಲ್ಲರೆದುರು ಒಪ್ಪಿಕೊಂಡರು, ಡಗ್ಗಾದ ಎರಡೂ ಸುತ್ತಿನಲ್ಲಿ ತಾವು ಹಿಡಿದದ್ದು ಬೆಟಗೇರಿಯ ಬೆರಳೇ ಎಂದು. ಅಷ್ಟು ಪ್ರಾಮಾಣಿಕತೆ ಅವರಲ್ಲಿದೆ. ಆದರೆ ಆಮೇಲೆ ನಾಗರತ್ನಾ ಅವರನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದರು. "ಡಬ್ಬಿ ನಿಂದ ಇರ್ಲಿ ತಂಗೀ. ಆದ್ರ ಆ ಪಟ್ಟಿ ಕಿತ್ತಬಿಡು. ಅಂಗಡಿಯವ್ರ ಕಡಿಂದ ಆ ಕಂಪನಿ ಹೆಸರಿನ ಜಾಲರಿ ಒಂದು ತರಸ್ತೀನಿ, ಮುಂದ ಬಡಿಯೂಣು. ಬೀಗರು ಬಂದು ಯಾವ ಕಂಪನೀದು ಅಂತ ಕೇಳಿದ್ರ ಏನ್ ಹೇಳ್ಲಿ? ಹದಿನೆಂಟಲ್ಲ, ಇಪ್ಪತ್ತೈದು ತಗೊ."

ಏಳು ಸಾವಿರ ಹೆಚ್ಚು, ಹೆಸರೊಂದಿಲ್ಲ. ನಾಗರತ್ನಾ ಅವರಿಗೆ ಅಳು ಬಂತಂತೆ, ಅಳಲಿಲ್ಲ. ದನಿ ಮಾತ್ರ ಎಲ್ಲರಿಗೂ ಕೇಳುವಷ್ಟು ಏರಿತು. "ಮೂವತ್ತು ವರ್ಷ ನಮ್ಮನಿಯವ್ರು ನೇಯ್ದಾರ್ರಿ. ಒಂದು ಸೀರಿ ಮ್ಯಾಲೂ ಅವ್ರ ಹೆಸರಿಲ್ಲ, ಎಲ್ಲಾದರ ಮ್ಯಾಲೂ ವ್ಯಾಪಾರಸ್ಥರ ಶಿಕ್ಕಾ. ಸುಮ್ನಾದ್ವಿ, ಹ್ವಾದದ್ದು ಹೋತು. ಇದನ್ನ ನಾ ಕಟ್ಟೀನಿ. ಪಟ್ಟಿ ಕಿತ್ತು ಕೊಡಾಕ ಬರೂದಿಲ್ಲ."

"ಒಂದು ಸಣ್ಣ ಪಟ್ಟೀಗೆ ಇಷ್ಟ್ಯಾಕ?"

"ಸಣ್ಣದಿದ್ರ ನೀವ ಇಟಗೋರ್ರಿ ಮತ್ತ."

ಅಮೃತವ್ವ ಗಂಡನ ಕಡೆ ತಿರುಗಿದರು. "ಮಂದಿಗೆ ತೋರಸಾಕ ಬೇಕಾದ್ರ ಕೆಳಗ ಶೋಕೇಸಿನಾಗ ಇಡ್ರಿ. ಇದು ಕೇಳಾಕ ಕಟ್ಟಿಸಿದ ಕೋಣಿ ಅಲ್ಲೇನು?" ಹುಚ್ಚೀರಪ್ಪ ಹಿತ್ತಾಳೆ ಪಟ್ಟಿಯತ್ತ ನೋಡಿ ಮುಖ ತಿರುಗಿಸಿದರು. ನಾಗರತ್ನಾ ತಂತಿ ಬಿಚ್ಚಿದರು, ಸೀರೆ ಮಡಚಿದರು, ಟೆಂಪೋದವರ ಜೊತೆ ಸೇರಿ ಡಬ್ಬಿಯನ್ನು ತಾವೇ ಹೊತ್ತು ಮೆಟ್ಟಿಲಿಳಿದರು. ಗೆದ್ದು ಬಂದ ಡಬ್ಬಿ ಸೋತ ಡಬ್ಬಿಯಂತೆಯೇ ಟೆಂಪೋ ಹತ್ತಿತು.

ವಾಪಸ್ ಬಂದರೆ ಮುಂದೆ ರಿಪೇರಿಯೇ ಗತಿ ಎಂದು ಬೆಳಿಗ್ಗೆ ತಾವೇ ಆಡಿದ್ದರಲ್ಲ, ನಾಗರತ್ನಾ ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕಿದರು. ಶಿರಹಟ್ಟಿ ಬಂತು, ಹುಲಗಪ್ಪ ಇಳಿದರು. ಇಳಿದವರು ಮನೆಗೆ ಹೋಗದೆ ಟೆಂಪೋದ ಹಿಂಬಾಗಿಲಿಗೆ ಹೋಗಿ ನಿಂತರು. "ಇಳಸು," ಎಂದರು.

"ಏನ್ ಕಾಕಾ?"

"ಡಬ್ಬಿ. ನನ್ನ ಹುಡುಗ್ರಿಗೆ ಡಗ್ಗಾ ಎಲ್ಲೆ ನಿಲ್ಲಸ್ಬೇಕು ಅನ್ನೂದು ಕಿವಿಗೆ ಬೀಳ್ಬೇಕು. ಹದಿನೆಂಟು ಕೂಡಿಸೇನಿ, ಹೊಸಾ ತಬಲಾಕಂತ. ತಬಲಾ ಹಳೇದ ನಡೀತೈತಿ." ಬೆಲೆಯಲ್ಲಿ ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ಆ ಎರಡು ಕೋಣೆಯ ಮನೆಯಲ್ಲಿ ನಾಗರತ್ನಾ ಮತ್ತೊಮ್ಮೆ ಮೊಣಕಾಲೂರಿ ತೆವಳಿ, ಜಾಗ ಹುಡುಕಿ, ಡಬ್ಬಿ ಇಟ್ಟು, ಪಟ್ಟಿಯನ್ನು ಸೆರಗಿನಿಂದ ಒರೆಸಿ ಬಂದರು.

ಮುಂದಿನದನ್ನು ಮಾಡಿದ್ದು ಗೌಸಸಾಬರ ಬಾಯಿ. ಯಾರ ಬೆರಳು ಯಾವುದೆಂದು ಆ ಮನುಷ್ಯ ಸತ್ತರೂ ಹೇಳುವುದಿಲ್ಲ, ಆದರೆ ಐದು ಆರರ ಲೆಕ್ಕವನ್ನು ಮುಂಡರಗಿಯ ದನದ ಪ್ಯಾಟಿಯಲ್ಲಿ ಎತ್ತುಗಳಿಗೂ ಕೇಳುವ ಹಾಗೆ ಹೇಳಿದರು. ಪಟ್ಟಿ ಕೀಳಲು ಒಪ್ಪದೆ ಇಪ್ಪತ್ತೈದು ಸಾವಿರ ಬಿಟ್ಟು ಬಂದ ಹೆಂಗಸಿನ ಸುದ್ದಿಯನ್ನು ಅದಕ್ಕಿಂತ ಜೋರಾಗಿ ಹೇಳಿದರು. ಹಿಂಜರಿದ ಒಂಬತ್ತೂ ಮಂದಿ ನಾಲ್ಕು ದಿನದಲ್ಲಿ ಬಂದರು, ಜೊತೆಗೆ ಇನ್ನು ನಾಲ್ಕು ಮಂದಿ. ಒಬ್ಬರು ಪಟ್ಟಿಯ ಅಕ್ಷರ ಸ್ವಲ್ಪ ದೊಡ್ಡದು ಮಾಡಲು ಬರುತ್ತದೆಯೇ ಎಂದೂ ಕೇಳಿದ್ದಾರೆ. ಒಂದು ಡಬ್ಬಿಗೆ ಹನ್ನೆರಡು ದಿನ ಬೇಕು, ಒಬ್ಬರೇ ಕಟ್ಟುವವರು. ಹೆಚ್ಚಿನ ಆಸೆ ಏನೂ ಇಲ್ಲ ನಾಗರತ್ನಾ ಅವರಿಗೆ, ಕಣ್ಣು ಇನ್ನು ಹತ್ತು ವರ್ಷ ಸಣ್ಣ ತಂತಿ ಕಾಣಲಿ ಎನ್ನುವುದಷ್ಟೇ.

ಐದನೇ ದಿನ ಮಧ್ಯಾಹ್ನ ಊಟಕ್ಕೆ ಕುಳಿತಾಗ ಫೋನು ಬಂತು. ಹುಚ್ಚೀರಪ್ಪ. ಮೂರು ಲಕ್ಷದ ಡಬ್ಬಿಯನ್ನು ಅಂಗಡಿಗೆ ವಾಪಸ್ ಕಳಿಸಿದ್ದಾಗಿ ಹೇಳಿದರು. ಅದರಲ್ಲಿ ಡಗ್ಗಾ ಕೇಳಿದಾಗಲೆಲ್ಲ ಈಗ ಕೈ ಎತ್ತಿದ ಮೇಲೂ ಎಳೆಯುವ ಆ ಸದ್ದಿನ ಬಾಲವೇ ಕಿವಿಗೆ ಬೀಳುತ್ತದಂತೆ, ಅಮೃತವ್ವನಂತೂ ಆ ಕೋಣೆಗೆ ಕಾಲಿಟ್ಟಿಲ್ಲವಂತೆ. "ಪಟ್ಟಿ ಸಮೇತ ತಗೊಂಡ ಬಾರವ್ವಾ, ಆತು," ಎಂದರು.

"ಅದು ಶಿರಹಟ್ಟ್ಯಾಗ ಉಳೀತ್ರಿ. ನಿಮಗ ಹೊಸಾದು ಕಟ್ಟಬೇಕು, ನಿಮ್ಮ ಮುಂದ ಹದಿಮೂರು ಮಂದಿ ಅದಾರ."

ಹುಚ್ಚೀರಪ್ಪ ಹೇಳಿದರು, ಡಬಲ್ ಕೊಡುತ್ತೇನೆ, ಮೊದಲು ನನಗೆ ಕಟ್ಟು.

ನಾಗರತ್ನಾ ತುತ್ತು ನುಂಗಿ ನೀರು ಕುಡಿದರು. "ಡಬಲ್ ಕೊಟ್ರ ಎರಡು ಡಬ್ಬಿ ಬರ್ತಾವ್ರಿ ಸಾವ್ಕಾರ್ರ. ಪಾಳಿ ಜಲ್ದಿ ಬರೂದಿಲ್ಲ."